ಹನ್ನೊಂದರ ಜಾಗದಲ್ಲಿ ಹದಿನಾಲ್ಕು

ಅವರ ಎಡಗಿವಿ ಬಲಗಿವಿಗಿಂತ ಕಪ್ಪಾಗಿತ್ತು. ಬರೀ ಕಪ್ಪಲ್ಲ, ಅದರ ಅಂಚು ಚಪ್ಪಟೆಯಾಗಿ ತಲೆಗೆ ಅಂಟಿಸಿದ ಹಾಗಿತ್ತು. ಕಂಬದ ಮೇಲೆ ಎರಡೂ ಕೈ ತಂತಿಗೇ ಬೇಕಲ್ಲ, ಅದಕ್ಕೆ ಟೆಸ್ಟ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಇಪ್ಪತ್ತೈದು ವರ್ಷ ಕೆಲಸ ಮಾಡಿದ್ದರು. ಆ ಅಭ್ಯಾಸಕ್ಕೆ ಕತ್ತು ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಕೆಳಗಿಳಿದು ಹೋಟೆಲಿನ ಬೆಂಚಿನ ಮೇಲೆ ಚಹಾ ಕುಡಿಯುವಾಗಲೂ ಕತ್ತು ಹಾಗೇ. ಹೀಗಾಗಿ ಯಾರು ಏನು ಹೇಳಿದರೂ ಬಹಳ ಮನಸ್ಸಿಟ್ಟು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಿಜಕ್ಕೂ ಅವರು ಕೇಳುತ್ತಲೇ ಇದ್ದರು ಅನ್ನುವುದು ನನಗೆ ನಿಧಾನಕ್ಕೆ ಗೊತ್ತಾಯಿತು.

ಅವರು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಲೈನ್‌ಮನ್. ನಾನು ಅಲ್ಲಿನ ಆಪರೇಟರ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಿನ ಹೆಸರು ಬರೆಯುವುದಿಲ್ಲ, ಈ ಕಥೆಯಲ್ಲಿ ಮುಂದೆ ಬರುವ ಒಬ್ಬ ಟೈಲರ್‌ನ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ನ್ಯಾಮತಿಗೂ ಹೊನ್ನಾಳಿಗೂ ನಡುವೆ ಎಲ್ಲೋ ಇತ್ತು ಅಂದುಕೊಳ್ಳಿ, ಸಾಕು. ತ್ಯಾವಣಿಗೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಬಂದು ಇಳಿದಾಗ ನನಗೆ ಇಪ್ಪತ್ತೆರಡು. ಆ ಊರಿನಲ್ಲಿ ನನ್ನವರು ಅಂತ ಒಂದು ಬೆಕ್ಕೂ ಇರಲಿಲ್ಲ.

ಎಕ್ಸ್‌ಚೇಂಜ್ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಬಾಡಿಗೆ ಮನೆಯ ನಡುಕೋಣೆ, ಅದರಲ್ಲಿ ಬೀರುವಿನಷ್ಟು ಎತ್ತರದ ಒಂದು ಬೋರ್ಡು. ಬೋರ್ಡಿನ ತುಂಬ ನಲವತ್ತು ಚಿಲ್ಲರೆ ತಗಡಿನ ಬಿಲ್ಲೆಗಳು. ಊರಿನಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ನಂಬರಿನ ಬಿಲ್ಲೆ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಾನು ಅಲ್ಲಿಗೆ ವೈರು ಚುಚ್ಚಿ ‘ಯಾರು ಬೇಕು?’ ಅಂತ ಕೇಳಿ, ಬೇಕಾದವರಿಗೆ ಕೂಡಿಸಬೇಕು. ನಂಬರು ಹೇಳುವ ಪುಣ್ಯಾತ್ಮರು ಕಡಿಮೆ. ‘ಡಾಕ್ಟ್ರಿಗೆ ಕೊಡಮ್ಮ’, ‘ಸೊಸೈಟಿಗೆ ಹಾಕು’ ಅನ್ನುವವರೇ ಎಲ್ಲ. ಯಾವ ಬಿಲ್ಲೆ ಯಾರದು ಅಂತ ಪ್ರತಿ ಬಿಲ್ಲೆಯ ಕೆಳಗೂ ಒಂದು ಚೀಟಿ ಅಂಟಿಸಿತ್ತು. ಆ ಚೀಟಿಗಳನ್ನೆಲ್ಲ ಪೆನ್ಸಿಲ್ಲಿನಲ್ಲೇ ಬರೆದಿತ್ತು.

ಮೊದಲ ವಾರ ನಾನು ಅವನ್ನೆಲ್ಲ ಅಳಿಸಿ, ಒಳ್ಳೆಯ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿಟ್ಟೆ. ಹೈಸ್ಕೂಲಿನಲ್ಲಿ ಅಕ್ಷರಕ್ಕೆ ಬಹುಮಾನ ತಗೊಂಡವಳು ನಾನು, ಆ ಗರ್ವ ಇತ್ತು. ಸಂಜೆ ಅವರು ಬಂದರು. ಹೆಗಲಿನಿಂದ ಚರ್ಮದ ಚೀಲ ಇಳಿಸಿ, ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿದರು.

“ಬರಹ ಭಾಳ ಚಂದ ಐತೆ ಯವ್ವಾ. ಆದ್ರೆ ಇದನ್ನ ಅಳಿಸೋದು ಹೆಂಗೆ?”

“ಯಾಕೆ ಅಳಿಸಬೇಕು ಯಜಮಾನ್ರೆ?”

“ಮಂದಿ ಮನೆ ಬಿಡ್ತಾರೆ. ತಂತಿ ಹರೀತೈತೆ. ಕಂಬ ಬದಲಾಗ್ತೈತೆ. ಇವತ್ತಿದ್ದದ್ದು ನಾಳೆಗೂ ಹಂಗೇ ಇರ್ತೈತೆ ಅಂತ ತಿಳ್ಕಂಡು ಕೂತ್ರೆ ನಮ್ ಕೆಲಸ ಕೆಟ್ಟಂಗೆ.”

ಅಷ್ಟು ಹೇಳಿ ಜೇಬಿನಿಂದ ಅರ್ಧ ಸವೆದ ಪೆನ್ಸಿಲ್ಲು ತೆಗೆದು ಕೊಟ್ಟರು. ನಾನು ಮುಖ ಊದಿಸಿಕೊಂಡು ನಲವತ್ತು ಚೀಟಿ ಮತ್ತೆ ಬರೆದೆ.

ಅವರಿಗೊಂದು ಪದ್ಧತಿ ಇತ್ತು. ಯಾವ ಲೈನನ್ನೂ ಇಂಥದ್ದು ಅಂತ ಮೊದಲೇ ಹೇಳಿ ಪರೀಕ್ಷೆ ಮಾಡುತ್ತಿರಲಿಲ್ಲ. ಕಂಬ ಹತ್ತಿ, ಒಂದು ಜೋಡಿ ತಂತಿಗೆ ಟೆಸ್ಟ್ ಫೋನು ಕಚ್ಚಿಸಿ ಹಿಡಿ ತಿರುಗಿಸುವರು. ಇಲ್ಲಿ ನನ್ನ ಬೋರ್ಡಿನಲ್ಲಿ ಒಂದು ಬಿಲ್ಲೆ ಬೀಳುವುದು. ನಾನು ಎತ್ತಿದ ತಕ್ಷಣ ಒಂದೇ ಪ್ರಶ್ನೆ: “ಯಾವ ಬಿಲ್ಲೆ ಬಿತ್ತು ಯವ್ವಾ?” ನಾನು ಇಪ್ಪತ್ಮೂರು ಅಂದ ಮೇಲೆಯೇ ಅವರು ತಮ್ಮ ಪಾಕೆಟ್ ಪುಸ್ತಕ ನೋಡಿ ಸರಿ ಅನ್ನುವರು. ಮನೆಗಳಿಗೂ ಹಾಗೇ. ಲೈನು ಸರಿ ಮಾಡಿದ ಮೇಲೆ ಆ ಕಡೆಯವರಿಗೆ ಫೋನು ಮಾಡಿ ‘ಇದು ಡಾಕ್ಟ್ರ ಮನೆನಾ?’ ಅಂತ ಕೇಳುತ್ತಿರಲಿಲ್ಲ. ‘ಯಾರ ಮನೆ ಇದು?’ ಅಂತಲೇ ಕೇಳುತ್ತಿದ್ದರು.

“ನೀನೇ ಹೆಸರು ಹೇಳಿಬಿಟ್ರೆ ಅವರು ಹೂಂ ಅಂತಾರೆ ಅಷ್ಟೆ. ಆಫೀಸಿನ ದನಿ ಕೇಳಿದ್ರೆ ನಮ್ ಮಂದಿ ಮೊದ್ಲು ಹೂಂ ಅನ್ನೋದು, ಆಮ್ಯಾಲೆ ಏನು ಅಂತ ಯೋಚನೆ ಮಾಡೋದು. ಹೆಸರು ಅವರ ಬಾಯಾಗಿಂದ ಬರ್ಬೇಕು.”

ವಾರಕ್ಕೊಮ್ಮೆ ಎಲ್ಲ ನಂಬರುಗಳಿಗೂ ಹೀಗೆ ಕೇಳುವುದು ಅವರ ನೇಮ. ಮೇಲಿನವರು ಹೇಳಿದ್ದಲ್ಲ, ಯಾವ ಪುಸ್ತಕದಲ್ಲೂ ಇದ್ದದ್ದಲ್ಲ. ಜನ ನಗುತ್ತಿದ್ದರು. ಡಾಕ್ಟರಂತೂ ಒಂದು ಸಲ ರೇಗಿಬಿಟ್ಟರು. “ಹೋದ ವಾರ ಹೇಳಿದ್ನಲ್ಲಯ್ಯಾ, ನಾನು ಎಲ್ಲಿಗೆ ಓಡಿಹೋಗ್ತೀನಿ?” ಅಂದರು. ಇವರು ತಣ್ಣಗೆ, “ನೀವೂ ದಿನಾ ನಾಡಿ ಹಿಡಿದು ನೋಡ್ತೀರಲ್ಲ ಡಾಕ್ಟ್ರೆ, ನಿನ್ನೆ ನೋಡೀನಿ ಅಂತ ಬಿಡ್ತೀರಾ?” ಅಂದರು. ಡಾಕ್ಟರು ಲೈನಿನಲ್ಲೇ ನಕ್ಕಿದ್ದು ನನಗೂ ಕೇಳಿಸಿತು. ಆಮೇಲೆ ಎತ್ತಿದ ಕೂಡಲೇ ಅವರೇ ಹೆಸರು ಹೇಳುತ್ತಿದ್ದರು.

ಎರಡು ವಾರ ಯಾವುದಾದರೂ ನಂಬರು ಉತ್ತರ ಕೊಡದಿದ್ದರೆ ಅದರ ಚೀಟಿಯ ಮೇಲಿನ ಹೆಸರು ಅಳಿಸಿ ಖಾಲಿ ಬಿಡುವರು. ಮಾರನೆಯ ದಿನ ಸೈಕಲ್ಲೇರಿ ಆ ಮನೆಗೇ ಹೋಗಿ ನೋಡುವರು. ಒಮ್ಮೆ ಹೀಗೆ ಹೋದಾಗ ರಿಟೈರಾದ ಕಾಂಪೌಂಡರು ಒಬ್ಬರು ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಮಗ ಕೊಡಿಸಿದ್ದ ಫೋನು ತಲೆದೆಸೆಯಲ್ಲೇ ಇತ್ತು. ಆ ಎರಡು ವಾರದಲ್ಲಿ ಆ ಮನೆಗೆ ಬೇರೆ ಯಾರ ಫೋನೂ ಬಂದಿರಲಿಲ್ಲ ಅನ್ನುವುದು ಬೋರ್ಡಿನ ಮುಂದೆ ಕೂತ ನನಗೆ ಗೊತ್ತಿತ್ತು. ಇವರದೊಂದೇ ಹೋಗಿದ್ದು.

ಅವರೂ ಒಂಟಿಯೇ. ಜಗಳೂರಿನ ಕಡೆಯವರು. ಹೆಂಡತಿ ಮದುವೆಯಾದ ಮೂರನೆಯ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಮಾಡಿಕೊಂಡು, ತಾವೇ ರೊಟ್ಟಿ ಬಡಿದುಕೊಂಡು ಇದ್ದರು. ಜಗಳೂರಿನಲ್ಲಿ ಒಬ್ಬ ತಂಗಿ ಇದ್ದಳು, ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಬಾಕಿ ದಿನಗಳಲ್ಲಿ ಅವರಿಗೆ ಜೊತೆ ಅಂದರೆ ರಸ್ತೆ ಬದಿಯ ಕಂಬಗಳು.

ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಬೋರ್ಡು ಸತ್ತ ಹಾಗೆ ಇರುತ್ತಿತ್ತು. ಊರೆಲ್ಲ ಉಂಡು ಮಲಗಿದ ಹೊತ್ತು. ಕಿಟಕಿಯಲ್ಲಿ ಎದುರುಗೋಡೆ ಬಿಟ್ಟರೆ ಏನೂ ಕಾಣದು. ಮನೆಯಿಂದ ಕಾಗದ ಬರುವುದು ತಿಂಗಳಿಗೊಂದು, ಅದರಲ್ಲೂ ಅಣ್ಣನ ಮಕ್ಕಳ ಕೆಮ್ಮು ನೆಗಡಿಯ ಸಮಾಚಾರ. ನನಗೆ ಎಷ್ಟೋ ಸಲ ಸುಮ್ಮನೆ ಅಳು ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಬಿಲ್ಲೆ ಬೀಳುತ್ತಿತ್ತು. ಎತ್ತಿದರೆ ಗಾಳಿಯ ಸದ್ದು, ಅದರ ನಡುವೆ ಅವರ ದನಿ. “ಯಾವ ಬಿಲ್ಲೆ ಬಿತ್ತು ಯವ್ವಾ?” ನಂಬರು ಹೇಳುತ್ತಿದ್ದೆ. “ಊಟ ಆತಾ?” ಅನ್ನುವರು. ಆತು ಅನ್ನುತ್ತಿದ್ದೆ. “ಇಲ್ಲಿ ಕಂಬದ ಮ್ಯಾಲಿಂದ ಎರಡು ಊರಿನ ಕೆರೆ ಕಾಣ್ತೈತೆ ನೋಡು,” ಅನ್ನುವರು. ಅಷ್ಟೇ ಮಾತು. ಆ ಲೈನುಗಳಿಗೆ ಏನೂ ಆಗಿರುತ್ತಿರಲಿಲ್ಲ ಅಂತ ನನಗೆ ಬಹಳ ದಿನಗಳ ಮೇಲೆ ಹೊಳೆಯಿತು. ಹೊಳೆದ ಮೇಲೂ ನಾನು ಅದನ್ನು ಬಾಯಿಬಿಟ್ಟು ಆಡಲಿಲ್ಲ. ಮಧ್ಯಾಹ್ನವಾದರೆ ಆ ಬಿಲ್ಲೆ ಬೀಳುವುದನ್ನೇ ಕಾಯುತ್ತಿದ್ದೆ.

ಇಷ್ಟೆಲ್ಲ ಬರೆದೆನಲ್ಲ, ಇನ್ನು ನನ್ನ ಸಣ್ಣತನಕ್ಕೆ ಬರುತ್ತೇನೆ. ತಡ ಮಾಡಿ ಪ್ರಯೋಜನವಿಲ್ಲ.

ಮುಂಗಾರಿಗೆ ಮೊದಲಿನ ಒಂದು ಗಾಳಿಗೆ ಸಂತೆ ಮೈದಾನದ ಹುಣಸೆಮರದ ಕೊಂಬೆ ತಂತಿಗಳ ಮೇಲೆ ಬಿತ್ತು. ಆರೇಳು ಲೈನು ಒಟ್ಟಿಗೆ ಹೋದವು. ಅವರು ಬೆಳಕು ಹರಿಯುವ ಮೊದಲೇ ಕಂಬ ಹತ್ತಿದ್ದರು. ಆಸ್ಪತ್ರೆಯದು, ಪೊಲೀಸಿನವರದು ಮೊದಲು ಆಗಬೇಕು. ಆ ಅವಸರದಲ್ಲಿ ಬೇರೆ ತಂತಿಗಳನ್ನು ಸಿಕ್ಕ ಹಾಗೆ ಕಟ್ಟಿ ತಾತ್ಕಾಲಿಕಕ್ಕೆ ಜೀವ ಕೊಟ್ಟರು. ಹತ್ತು ಗಂಟೆ ಸುಮಾರಿಗೆ ಕಂಬದ ಮೇಲಿಂದ ಫೋನು ಬಂತು.

“ಯವ್ವಾ, ಹನ್ನೊಂದು, ಹದಿನಾಲ್ಕು ಅದಲುಬದಲು ಆಗ್ಯಾವೆ. ಹನ್ನೊಂದರ ಬಿಲ್ಲೆಗೆ ಈಗ ಹದಿನಾಲ್ಕರ ಮನೆ ಐತೆ. ಬಿಚ್ಚಿ ಕಟ್ಟಾಕೆ ಈಗ ಹೊತ್ತಿಲ್ಲ, ಸಂಜಿಕೆ ಸರಿ ಮಾಡ್ತೀನಿ. ಅಲ್ಲೀತನಕ ಚೀಟಿ ಬದಲಿ ಮಾಡ್ಕೊ.”

ಅದೇ ಗಳಿಗೆಯಲ್ಲಿ ಪರವೂರಿನ ಕರೆ ಬರುವ ಶಿವಮೊಗ್ಗದ ಟ್ರಂಕ್ ಲೈನು ಕೂಗತೊಡಗಿತ್ತು, ಇನ್ನೆರಡು ಬಿಲ್ಲೆ ಬಿದ್ದಿದ್ದವು. ನಾನು ಹೂಂ ಅಂದೆ. ಬೇರೆ ಯಾರಾಗಿದ್ದರೂ ‘ಏನು ಹೇಳಿದೆ, ತಿರುಗಿ ಹೇಳು’ ಅನ್ನುತ್ತಿದ್ದ ಮನುಷ್ಯ, ನನ್ನ ಹೂಂಗೆ ಸಮಾಧಾನಪಟ್ಟು ಫೋನು ಕಿತ್ತರು. ನಾನು ಟ್ರಂಕ್ ಎತ್ತಿಕೊಂಡೆ. ಚೀಟಿಯ ಮಾತು ತಲೆಯಿಂದ ಹಾರಿಹೋಯಿತು.

ಹನ್ನೊಂದು ಅಂದರೆ ಬಜಾರಿನ ಔಷಧಿ ಅಂಗಡಿ. ಹದಿನಾಲ್ಕು ಅಂದರೆ ಊರಾಚೆ ಕಡೆಯ ಒಬ್ಬ ಕಬ್ಬಿಣದ ವ್ಯಾಪಾರಿಯ ಮನೆ. ಮಧ್ಯಾಹ್ನ ಎರಡೂವರೆಗೆ ಶಿವಮೊಗ್ಗದಿಂದ ಟ್ರಂಕ್ ಕಾಲ್ ಬಂತು. ಆಗ ಒಂದು ಫೋನಿಗೆ ಇಡೀ ಕೇರಿ ನೆಂಟರು. ಅಕ್ಕಪಕ್ಕದವರಿಗೆ ಸುದ್ದಿ ಹೇಳುವುದು ಫೋನಿದ್ದವರ ಕರ್ತವ್ಯವೇ ಆಗಿತ್ತು. ಔಷಧಿ ಅಂಗಡಿಯ ಎದುರಿಗೆ ಒಬ್ಬ ಟೈಲರ್ ಇದ್ದ. ಅವನ ತಾಯಿ ಶಿವಮೊಗ್ಗದ ಆಸ್ಪತ್ರೆಯಲ್ಲಿ, ಸೀರಿಯಸ್ಸು, ದೊಡ್ಡ ಮಗ ಬೇಕು ಅನ್ನುತ್ತಿದ್ದಾಳೆ, ಮೂರು ಗಂಟೆಯ ಬಸ್ಸಿಗೇ ಹೊರಡಬೇಕು ಅಂತ ತಮ್ಮನ ಸುದ್ದಿ. ಲೈನು ಗರಗರ ಅನ್ನುತ್ತಿದ್ದುದರಿಂದ ಶಿವಮೊಗ್ಗದ ಆಪರೇಟರು ‘ನೀವೇ ತಿಳಿಸಿಬಿಡಿ’ ಅಂದರು.

ನಾನು ಹನ್ನೊಂದಕ್ಕೆ ಚುಚ್ಚಿ ಗಂಟೆ ಬಾರಿಸಿದೆ. ಒಬ್ಬ ಮುದುಕಿಯ ದನಿ ಬಂತು.

“ಔಷಧಿ ಅಂಗಡಿ ಅಲ್ವಾ?” ಅಂದೆ. ಹೌದು, ಹಾಗೇ ಕೇಳಿದೆ.

“ಹೂಂ ತಾಯಿ.”

“ಎದುರಿನ ಟೈಲರ್‌ಗೆ ತಕ್ಷಣ ಹೇಳಿ, ಅವರ ತಾಯಿಗೆ ಸೀರಿಯಸ್ಸಂತೆ. ಮೂರು ಗಂಟೆ ಬಸ್ಸಿಗೆ ಶಿವಮೊಗ್ಗ ಆಸ್ಪತ್ರೆಗೆ ಹೋಗ್ಬೇಕಂತೆ.”

“ಹೂಂ ತಾಯಿ, ಹೇಳ್ತೀನಿ ತಾಯಿ.”

ಮುದುಕಿಯ ದನಿ ಯಾಕೆ ಅಂತ ಒಂದು ಕ್ಷಣ ಅನ್ನಿಸಿತ್ತು. ಅಂಗಡಿಯವರು ಊಟಕ್ಕೆ ಹೋಗಿ ತಾಯಿಯನ್ನು ಕೂರಿಸಿರಬೇಕು ಅಂದುಕೊಂಡೆ. ಆ ಅಜ್ಜಿ ಕಬ್ಬಿಣದ ವ್ಯಾಪಾರಿಯ ತಾಯಿ. ಮನೆಯಲ್ಲಿ ಒಬ್ಬಳೇ ಇದ್ದಳು. ಮಗ ಬಂದ ಮೇಲೆ ಹೇಳಿದರಾಯಿತು ಅಂತ, ಯಾರಿಗೋ ಸೀರಿಯಸ್ಸಂತೆ ಅನ್ನುವುದಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳದೇನು ತಪ್ಪು.

ಐದೂವರೆಗೆ ಶಿವಮೊಗ್ಗದಿಂದ ಮತ್ತೆ ಕಾಲ್ ಬಂತು. ಲೈನು ಈಗ ನಿಚ್ಚಳವಾಗಿತ್ತು. ಟೈಲರನ ತಾಯಿ ಹೋಗಿಬಿಟ್ಟಿದ್ದಳು. ಈ ಸಲ ಅವನ ತಮ್ಮ ಪೋಸ್ಟ್ ಆಫೀಸಿನ ನಂಬರು ಕೇಳಿ ಹಿಡಿದ, ಅಲ್ಲಿಂದ ಜವಾನ ಓಡಿಹೋಗಿ ಟೈಲರನ್ನು ಕರೆತಂದ. ಅವನು ತಮ್ಮನ ಹತ್ತಿರ ಮಾತಾಡಿ, ಸುದ್ದಿ ಮೊದಲೇ ಕಳಿಸಿತ್ತು ಅಂತ ತಿಳಿದು, ನೇರ ಎಕ್ಸ್‌ಚೇಂಜಿಗೆ ಬಂದು ಬಾಗಿಲಲ್ಲಿ ನಿಂತ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ.

“ನಾನು ಅಲ್ಲೇ ಕೂತಿದ್ನಲ್ಲರೀ,” ಅಂದ. “ಔಷಧಿ ಅಂಗಡಿ ಎದುರಿಗೇ. ಮೂರು ಗಂಟೆ ಬಸ್ಸು ನನ್ ಮುಂದೇ ಹೋತು. ಕೈಯಾಗೆ ಬಟ್ಟೆ ಹಿಡ್ಕಂಡು ಅದನ್ನ ನೋಡಿದ್ನಲ್ಲರೀ.”

ಅವನು ಹೋದ ಸ್ವಲ್ಪ ಹೊತ್ತಿಗೆ ಲೈನ್‌ಮನ್ ಬಂದರು. ಕಬ್ಬಿಣದ ವ್ಯಾಪಾರಿ ದಾರಿಯಲ್ಲಿ ಸಿಕ್ಕು, ತನ್ನ ಮನೆಗೆ ಬಂದ ಫೋನನ್ನೂ ಟೈಲರನ ತಾಯಿ ತೀರಿಕೊಂಡದ್ದನ್ನೂ ಹೇಳಿದ್ದ. ಬಂದವರೇ ಬೋರ್ಡು ನೋಡಿದರು. ಹನ್ನೊಂದರ ಕೆಳಗೆ ಹನ್ನೊಂದರ ಚೀಟಿ, ಹದಿನಾಲ್ಕರ ಕೆಳಗೆ ಹದಿನಾಲ್ಕರದು, ಇದ್ದ ಹಾಗೇ ಇದ್ದವು. ಅವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಅವರ ಪದ್ಧತಿಯಂತೆ, ‘ನಾನು ನಿನಗೆ ಹೇಳಿದ್ನಲ್ಲ’ ಅಂತ ಕೂಡ ಅನ್ನಲಿಲ್ಲ.

“ಯವ್ವಾ, ಬೆಳಿಗ್ಗೆ ಕಂಬದ ಮ್ಯಾಲಿಂದ ನಾನು ನಿನಗೇನು ಹೇಳಿದೆ?”

ಆ ಹೊತ್ತಿಗೆ ನನಗೆ ನೆನಪಾಗಿತ್ತು. ಅಕ್ಷರ ಅಕ್ಷರ ನೆನಪಾಗಿತ್ತು. ಆದರೆ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕೆಲಸ ಹೋದರೆ ತ್ಯಾವಣಿಗೆಗೆ ವಾಪಸು, ಅಣ್ಣನ ಮನೆಯ ಅಡುಗೆಕೋಣೆಗೆ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟು ಸಾಕು.

“ಆಸ್ಪತ್ರೆ ಲೈನು ಸರಿ ಆತು ಅಂದ್ರಿ,” ಅಂದೆ. “ಬೇರೆ ಏನೂ ಹೇಳಲಿಲ್ಲ.”

ಅವರು ಪಾಕೆಟ್ ಪುಸ್ತಕ ತೆಗೆದು ನೋಡಿದರು. ಅದರಲ್ಲಿ ಹನ್ನೊಂದು, ಹದಿನಾಲ್ಕು ಅದಲು ಅಂತ ಅವರೇ ಬರೆದದ್ದಿತ್ತು. ನನಗೆ ಹೇಳಿದ್ದಕ್ಕೆ ಮಾತ್ರ ಎಲ್ಲೂ ಗುರುತಿರಲಿಲ್ಲ. ಪುಸ್ತಕ ಮುಚ್ಚಿ, ಮೂಲೆಯ ಸ್ಟೂಲಿನ ಮೇಲೆ ಕೂತರು. ಪುಸ್ತಕವನ್ನು ಕೈಯಲ್ಲಿ ಹೊರಳಿಸುತ್ತಾ ಇದ್ದರು. ಕೊನೆಗೆ, “ನಮ್ಮಪ್ಪಗೂ ಹಿಂಗೇ ಸುರುವಾಗಿದ್ದು,” ಅಂದರು. “ಐವತ್ತು ದಾಟಿತ್ತು ಅಷ್ಟೆ. ಮೊದ್ಲು ಹೇಳಿದ್ದು ಮರೆತ. ಆಮ್ಯಾಲೆ ಮನೆ ದಾರಿ ಮರೆತ. ಕಡೀಕೆ ನಾನು ಯಾರು ಅಂತಾನೇ ಗೊತ್ತಾಗ್ತಿರಲಿಲ್ಲ.”

ಅವರಿಗೆ ಆಗ ಐವತ್ತೊಂದು.

ವಿಚಾರಣೆಗೆ ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ಬಂದರು. ಹೇಳಿಕೆಯಲ್ಲಿ ಇವರು ‘ಆಪರೇಟರಿಗೆ ತಿಳಿಸಲು ಮರೆತೆನು’ ಅಂತ ಬರೆದುಕೊಟ್ಟರು. ನನ್ನನ್ನು ಕಾಪಾಡಲು ಹಾಗೆ ಬರೆದರು ಅಂತ ನೀವು ಅಂದುಕೊಳ್ಳಬಹುದು, ನಾನೂ ಎಷ್ಟೋ ದಿನ ಹಾಗೆ ಅಂದುಕೊಂಡು ಸಮಾಧಾನ ಪಡಲು ನೋಡಿದ್ದೇನೆ. ಅದು ಸುಳ್ಳು. ಅವರು ಬರೆದದ್ದು ನಿಜವೆಂದು ನಂಬಿ ಬರೆದರು. ನನ್ನ ಬಾಯಿಂದ ಬಂದದ್ದನ್ನು ಅವರು ತಮ್ಮ ನೆನಪಿಗಿಂತ ಹೆಚ್ಚು ನಂಬಿದರು. ಒಂದು ಎಚ್ಚರಿಕೆಯ ಮೆಮೊ ಬಂತು, ಅಲ್ಲಿಗೆ ಆಫೀಸಿನ ಮಟ್ಟಿಗೆ ಎಲ್ಲ ಮುಗಿಯಿತು.

ಅವರ ಮಟ್ಟಿಗೆ ಮುಗಿಯಲಿಲ್ಲ. ಕಂಬ ಇಳಿದು ಅರ್ಧ ಮೈಲಿ ಹೋದವರು, ಕಟ್ಟಿದೆನೋ ಇಲ್ಲವೋ ಅಂತ ತಿರುಗಿ ಬಂದು ಮತ್ತೆ ಕಂಬ ಹತ್ತುವರು. ಅಂಗೈ ಮೇಲೆ ಶಾಯಿಯಲ್ಲಿ ಬರೆದುಕೊಳ್ಳುವರು, ಬೆವರಿಗೆ ಅದು ಅಳಿಸಿಹೋದರೆ ಮುಖ ಕಪ್ಪಿಡುವುದು. ನನಗೆ ಒಂದು ಮಾತನ್ನು ಮೂರು ಸಲ ಹೇಳುವರು. “ಆಗ್ಲೇ ಹೇಳಿದ್ರಿ ಯಜಮಾನ್ರೆ” ಅಂದರೆ, “ಹೌದಾ?” ಅಂತ ಮಗುವಿನ ಹಾಗೆ ನೋಡುವರು. ಮಧ್ಯಾಹ್ನದ ಆ ಬಿಲ್ಲೆ ಬೀಳುವುದು ನಿಂತುಹೋಯಿತು. ಹೇಳಿಬಿಡಬೇಕು ಅಂತ ನೂರು ಸಲ ಬಾಯಿವರೆಗೆ ಬಂತು. ದಿನ ಕಳೆದಷ್ಟೂ ಅದು ಕಷ್ಟವಾಯಿತು, ಯಾಕೆಂದರೆ ಈಗ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಉತ್ತರ ಬೇಕಿತ್ತು.

ಎರಡನೆಯ ವರ್ಷ ಅವರು ತಾವಾಗಿಯೇ ಕೆಲಸ ಬಿಟ್ಟರು. ಇನ್ನೂ ಐದಾರು ವರ್ಷ ಸರ್ವಿಸು ಇತ್ತು. “ಇನ್ನೊಬ್ಬರ ತಾಯಿ ಹೋಗೋದು ಬ್ಯಾಡ,” ಅಂದರು. ಜಗಳೂರಿಗೆ, ತಂಗಿಯ ಮನೆಗೆ ಹೊರಟರು. ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. “ನಿನ್ನಂಥಾಕಿ ಬೋರ್ಡಿಗೆ ಇದ್ದದ್ದಕ್ಕೆ ನಾನು ಇಷ್ಟು ದಿನ ತಳ್ಳಿದೆ ನೋಡು,” ಅಂತ ನಿಜವಾದ ಪ್ರೀತಿಯಿಂದ ಹೇಳಿದರು. ಬಸ್ಸು ಹೊರಟ ಮೇಲೆ ನಾನು ಹೆಂಗಸರ ಕಕ್ಕಸಿನ ಹಿಂದೆ ನಿಂತು ಅತ್ತೆ. ಅತ್ತು ಮುಖ ತೊಳೆದುಕೊಂಡು ಡ್ಯೂಟಿಗೆ ಹೋದೆ.

ಆಮೇಲೆ ನಾನು ಖಾಯಂ ಆದೆ. ಹೊನ್ನಾಳಿಗೆ ವರ್ಗವಾಯಿತು, ಅಲ್ಲಿಂದ ಚನ್ನಗಿರಿಗೆ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಯಾವ ಊರಿನಲ್ಲೂ ಮಧ್ಯಾಹ್ನಗಳು ಮಾತ್ರ ಬದಲಾಗಲಿಲ್ಲ. ಆರು ವರ್ಷ ಕಳೆದ ಮೇಲೆ ಒಂದು ದಿನ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಧೈರ್ಯ ಬಂದಿತ್ತು ಅಂತಲ್ಲ, ಹೇಳದೆ ಇರುವುದು ಸಾಕಾಗಿತ್ತು.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಕತ್ತು ಹಾಗೇ ಎಡಕ್ಕೆ. ನಾನು “ಯಜಮಾನ್ರೆ” ಅಂದದ್ದೇ ತಡ, ಮುಖ ಎತ್ತುವ ಮೊದಲೇ “ಬೋರ್ಡಿನ ಯವ್ವ ಬಂದ್ಲು” ಅಂದರು. ತಂಗಿ ಒಳಗಿನಿಂದ ಬಂದು ಕೂರಿಸಿದಳು. ಒಳ್ಳೆಯ ಹೆಂಗಸು. ಅಣ್ಣನ ಮುಂದೆಯೇ, ಅವರಿಗೆ ಕೇಳಿಸುವುದೇ ಇಲ್ಲವೇನೋ ಅನ್ನುವ ಹಾಗೆ, “ಇವನಿಗೆ ಮರವು ನೋಡವ್ವಾ, ನಮ್ಮಪ್ಪನಂಗೆ. ಅದಕ್ಕೇ ಎಲ್ಲಿಗೂ ಬಿಡೋದಿಲ್ಲ,” ಅಂದಳು. ಅಂಗಿಯ ಜೇಬಿನ ಒಳಗೆ ಮನೆಯ ವಿಳಾಸ ಬರೆದ ಬಟ್ಟೆಯ ತುಂಡು ಹೊಲಿದಿದ್ದನ್ನು ಹೊರಳಿಸಿ ತೋರಿಸಿದಳು. ಅವರು ಸುಮ್ಮನೆ ತೋರಿಸಿಕೊಂಡರು.

ಅವಳು ಚಹಾ ಮಾಡಲು ಒಳಗೆ ಹೋದಾಗ ಹಳೆಯ ಊರಿನ ಮಾತು ಬಂತು. ಅವರು ಒಂದರಿಂದ ಶುರುಮಾಡಿ ಕೊನೆಯ ನಂಬರಿನ ತನಕ ಯಾವುದು ಯಾರ ಮನೆ ಅಂತ ಹೇಳುತ್ತಾ ಹೋದರು, ಒಂದೂ ತಪ್ಪಲಿಲ್ಲ. ನನಗೆ ಅಲ್ಲಿ ಕೂತಿರಲು ಆಗಲಿಲ್ಲ.

“ಯಜಮಾನ್ರೆ, ಅವತ್ತು ನೀವು ನನಗೆ ಹೇಳಿದ್ರಿ,” ಅಂದೆ. “ಅದಲುಬದಲು ಆಗ್ಯಾವೆ, ಚೀಟಿ ಬದಲಿ ಮಾಡ್ಕೊ ಅಂತ ಹೇಳಿದ್ರಿ. ನಾನು ಹೂಂ ಅಂದಿದ್ದೆ. ಮರೆತದ್ದು ನಾನು. ಸಂಜೆ ನೀವು ಕೇಳಿದಾಗ ಸುಳ್ಳು ಹೇಳಿದೆ.”

ಅವರು ನನ್ನನ್ನು ನೋಡಲಿಲ್ಲ, ರಸ್ತೆ ನೋಡುತ್ತಿದ್ದರು. “ಸಂಜಿಕೆ ಸರಿ ಮಾಡ್ತೀನಿ ಅಂತಾನೂ ಅಂದಿದ್ನಾ?” ಅಂತ ಕೇಳಿದರು.

“ಅಂದಿದ್ರಿ.”

“ಅಂದಿದ್ದೆ,” ಅಂದರು. “ನನಗೆ ನೆನಪಿತ್ತು. ಆ ನೆನಪೇ ಸುಳ್ಳು, ನಾನೇ ಕಟ್ಟಿಕೊಂಡಿದ್ದು ಅಂತ ತಿಳ್ಕಂಡಿದ್ದೆ.” ಅವರ ಕಣ್ಣಿನಲ್ಲಿ ನೀರಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರಿಗೆ ಸಂತೋಷವಾಗಿತ್ತು. ಅದನ್ನು ನನಗೆ ಇವತ್ತಿಗೂ ತಡೆಯಲು ಆಗುವುದಿಲ್ಲ.

ಆಮೇಲೆ ದನಿ ತಗ್ಗಿಸಿ, “ಯವ್ವಾ, ಇದನ್ನ ಒಂದು ಕಾಗದದಾಗೆ ಬರೆದು ಸಹಿ ಮಾಡಿ ಕೊಡ್ತೀಯಾ?” ಅಂದರು. “ಆಫೀಸಿಗಲ್ಲ. ಇವರಿಗೆ ತೋರಿಸಾಕೆ. ನಾನು ಹೇಳಿದ್ರೆ ಇವರು ನಂಬೋದಿಲ್ಲ.”

ನನಗೆ ಆ ತಿಂಗಳು ಸೂಪರ್‌ವೈಸರ್ ಹುದ್ದೆಯ ಮಾತು ನಡೆದಿತ್ತು. ಸಹಿ ಮಾಡಿದ ಕಾಗದ ಯಾರ ಕೈಗೆ ಹೋಗುತ್ತದೋ, ಎಲ್ಲಿ ತಲುಪುತ್ತದೋ ಅಂತ ಒಂದು ಯೋಚನೆ ಬಂತು. ನಾನು ಆಗುವುದಿಲ್ಲ ಅನ್ನಲಿಲ್ಲ. ಪೆನ್ನು ಇಲ್ಲ ಅಂತಲೂ ಹೇಳಲಿಲ್ಲ. ಪೆನ್ನು ನನ್ನ ಬ್ಯಾಗಿನಲ್ಲೇ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತೆ, ಅಷ್ಟೇ. ಅಷ್ಟರಲ್ಲಿ ಅವರಿಗೆ ಗೊತ್ತಾಯಿತು.

“ಬ್ಯಾಡ ಬಿಡು. ನನಗೆ ಗೊತ್ತಾತಲ್ಲ, ಸಾಕು,” ಅಂದರು. ತಂಗಿ ಚಹಾ ತಂದಳು. ಕುಡಿದೆವು. ಬಸ್ಸಿಗೆ ಹೊರಟಾಗ ಅವರೂ ಎದ್ದರು, ಹಿಂದೆಯೇ ತಂಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು, ಅಣ್ಣನನ್ನು ವಾಪಸು ಕರೆದುಕೊಂಡು ಹೋಗಲು.

ಮನೆಗೆ ಬಂದು ಬರೆದು ಅಂಚೆಗೆ ಹಾಕಬಹುದಿತ್ತು. ಎರಡು ಸಲ ಕೂತು ಬರೆದೆ ಕೂಡ. ಎರಡು ಸಲವೂ ಹರಿದೆ.

ಮುಂದಿನ ವರ್ಷ ಅವರು ತೀರಿಕೊಂಡರು. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಜಗಳೂರಿನಿಂದ ವರ್ಗವಾಗಿ ಬಂದವರೊಬ್ಬರು ಹೀಗೇ ಮಾತಿಗೆ ಹೇಳಿದಾಗ. ಮಾರನೆಯ ದಿನವೇ ಹೋದೆ. ತಂಗಿ ಅದೇ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದು ಮೊರ ಪಕ್ಕಕ್ಕಿಟ್ಟಳು.

“ನೀನು ಬಂದು ಹೋದ ಮ್ಯಾಲೆ ಒಂದೇ ಮಾತು ಹಿಡ್ಕಂಡ ನೋಡವ್ವಾ,” ಅಂದಳು. “ನನಗೆ ಮರವು ಇಲ್ಲ, ನಾನು ಹೇಳಿದ್ದೆ, ಕೇಳಿದಾಕಿ ಮರೆತಳು ಅಂತ. ದಿನಾ ಅದೇ. ಯಾರೋ ಅಣ್ಣ ಆಕಿ, ಹೆಸರು ಹೇಳು ಅಂದ್ರೆ ಮಾತ್ರ ಗೊತ್ತಿಲ್ಲ ಅಂತಿದ್ದ. ನಾವೆಲ್ಲ ನಗ್ತಿದ್ವಿ. ಹೆಸರೇ ನೆನಪಿಲ್ದೋನಿಗೆ ಮರವು ಇಲ್ಲಂತೆ ಅಂತ.”

“ಅವರಿಗೆ ಗೊತ್ತಿತ್ತು,” ಅಂದೆ. “ಅದು ನನ್ನ ಹೆಸರು.”

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಂಬ, ಚೀಟಿ, ಟೈಲರು, ನನ್ನ ಸುಳ್ಳು, ಬರೆಯದೆ ಉಳಿದ ಕಾಗದ. ಆಕೆ ಪೂರ್ತಿ ಕೇಳಿದಳು. ಮಡಿಲಿನಲ್ಲಿ ಬಿದ್ದಿದ್ದ ಒಂದೊಂದೇ ಕಾಳನ್ನು ಆರಿಸಿ ಮೊರಕ್ಕೆ ಹಾಕಿ, ಆಮೇಲೆ ಮಾತಾಡಿದಳು.

“ಕಡೀ ದಿನಗಳಾಗೆ ಸೂಳೆಕೆರೆ ನೋಡಿ ಬರ್ತೀನಿ, ಒಂದು ಸಲ ಒಬ್ಬನೇ ಬಸ್ ಹತ್ತಿ ಹೋಗಿ ಬರ್ತೀನಿ ಅಂತ ಬೇಡ್ಕಂಡ ಕಣವ್ವಾ. ದಾರಿ ತಪ್ಪಿಸ್ಕಂತೀಯ ಅಂತ ನಾನು ಹೊರಗಿಂದ ಚಿಲಕ ಹಾಕಿದೆ.”

ಆಕೆ ಮೊರ ಎತ್ತಿಕೊಂಡು ಮತ್ತೆ ಕಾಳು ಹಸನು ಮಾಡತೊಡಗಿದಳು. ನಾನು ಬಸ್ ಸ್ಟ್ಯಾಂಡಿನ ತನಕ ಒಬ್ಬಳೇ ನಡೆದುಕೊಂಡು ಬಂದೆ.